ಕಾಸರಗೋಡಿಗೆ ಸಾಂಸ್ಕೃತಿಕ ಪಟ್ಟ: ಅರ್ಜಿ ಬರೆಯುವವರು ಯಾರು?

ಓದುಗರ ಪ್ರಶ್ನೆ: ನಾನು ಕುಂಬಳೆ ಹತ್ತಿರದ ಶಾಲೆಯೊಂದರಲ್ಲಿ ಕನ್ನಡ ಟೀಚರ್. ಊರಿನ ಗ್ರಂಥಾಲಯದ ಕಾರ್ಯದರ್ಶಿಯೂ ಹೌದು. ಕೋಝಿಕ್ಕೋಡಿಗೆ ಯುನೆಸ್ಕೊ ಸಾಹಿತ್ಯ ನಗರದ ಪಟ್ಟ ಸಿಕ್ಕಿದ ಮೇಲೆ ನಮ್ಮಲ್ಲೂ ‘ಕಾಸರಗೋಡಿಗೆ ಯಾಕೆ ಸಿಗಬಾರದು’ ಎಂಬ ಮಾತು ಶುರುವಾಗಿದೆ. ಕಳೆದ ತಿಂಗಳು ಒಂದು ಸಭೆ ಆಯಿತು. ಹೊರಗಿನಿಂದ ಬಂದ ಒಬ್ಬರು, ‘ಅಂತಾರಾಷ್ಟ್ರೀಯ ಸಾಂಸ್ಕೃತಿಕ ರಾಜಧಾನಿ ಬಿರುದಿಗೆ ಅರ್ಜಿ ಹಾಕೋಣ, ನೋಂದಣಿ ಶುಲ್ಕ ಕಟ್ಟಿದರೆ ಒಂದು ವರ್ಷದೊಳಗೆ ಆಗುತ್ತದೆ’ ಎಂದರು. ನಮ್ಮ ಗ್ರಂಥಾಲಯಕ್ಕೂ ಒಂದು ರಶೀದಿ ಪುಸ್ತಕ ಕೊಟ್ಟಿದ್ದಾರೆ. ಅವರು ತೋರಿಸಿದ ಕರಡು ಇಂಗ್ಲಿಷಿನಲ್ಲೂ ಮಲಯಾಳದಲ್ಲೂ ಇತ್ತು. ಕನ್ನಡದ ಹೆಸರು ಬಂದದ್ದು ಒಂದೇ ಕಡೆ, ಯಕ್ಷಗಾನದ ಫೋಟೊದ ಕೆಳಗೆ. ನಾನು ಬೇಡ ಎಂದರೆ ಊರಿಗೆ ಬರುವ ಒಳ್ಳೆಯದಕ್ಕೆ ಅಡ್ಡ ಬಂದೆ ಎನ್ನುತ್ತಾರೆ. ಹೂಂ ಎಂದರೆ ನಮ್ಮ ಭಾಷೆ ಬರೀ ಫೋಟೊದ ಅಡಿಬರಹವಾಗಿ ಉಳಿದುಬಿಡುತ್ತದಾ ಎಂಬ ಭಯ. ನಮ್ಮಷ್ಟು ಸಣ್ಣ ಊರಿಗೆ ಇದು ಸಾಧ್ಯವಾ? ಮಂಗಳೂರಿನ ಜೊತೆ ಸೇರಿ ಅರ್ಜಿ ಹಾಕಬಹುದಾ? ಹಣ ಬರುತ್ತದಾ?

ಉತ್ತರ:

ಟೀಚರ್, ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ನಾಲ್ಕೈದು ಇವೆ. ಆದರೆ ಅವುಗಳ ಅಡಿಯಲ್ಲಿ ಇರುವುದು ಒಂದೇ: ಊರಿನ ಪರವಾಗಿ ಮಾತಾಡುವವರು ಯಾರು, ಆ ಮಾತಿನಲ್ಲಿ ನಾವು ಇದ್ದೇವಾ? ನಾನು ಹಲವು ವರ್ಷ ಊರುಗಳಿಗೆ ಸಾಂಸ್ಕೃತಿಕ ಯೋಜನೆ ಬರೆದುಕೊಡುವ ಕೆಲಸ ಮಾಡಿದ್ದೇನೆ. ಪಟ್ಟ ಸಿಕ್ಕಿದ ಊರು, ಸಿಗದ ಊರು ಎರಡನ್ನೂ ಹತ್ತಿರದಿಂದ ನೋಡಿದ್ದೇನೆ. ನಿಮಗೆ ಬಂದ ಅನುಮಾನ ಸರಿಯಾದ ಅನುಮಾನ. ಹಾಗಂತ ಊರಿನ ಆಸೆ ತಪ್ಪು ಎಂದೂ ನಾನು ಹೇಳುವುದಿಲ್ಲ.

ಮೊದಲು ರಶೀದಿ ಪುಸ್ತಕದ ವಿಷಯ ಮುಗಿಸೋಣ. ಅದನ್ನು ಮುಟ್ಟಬೇಡಿ. ಯಾರಾದರೂ ಈಗಾಗಲೇ ಹಣ ಕೊಟ್ಟಿದ್ದರೆ ವಾಪಸ್ ಕೊಟ್ಟು ಸಹಿ ಹಾಕಿಸಿಕೊಳ್ಳಿ. ಜಗತ್ತಿನಲ್ಲಿ ‘ಸಾಂಸ್ಕೃತಿಕ ರಾಜಧಾನಿ’ ಎಂಬ ಹೆಸರಿನ ಪಟ್ಟಗಳು ತುಂಬಾ ಇವೆ. ಎಲ್ಲಕ್ಕೂ ಹಳೆಯದು ಯುರೋಪಿನದ್ದು. ಗ್ರೀಸ್ ದೇಶದ ಸಂಸ್ಕೃತಿ ಸಚಿವೆ ಮೆಲಿನಾ ಮೆರ್ಕುರಿ ಹೇಳಿ ಶುರು ಮಾಡಿಸಿದರು. 1985ರಲ್ಲಿ ಅಥೆನ್ಸ್ ಮೊದಲ ನಗರವಾಯಿತು. ಅದು ಯುರೋಪಿನ ನಗರಗಳಿಗೆ ಮಾತ್ರ. ಸಾರ್ಕ್ ದೇಶಗಳದ್ದೂ ಒಂದಿದೆ. 2015ರಲ್ಲಿ ಅಫ್ಘಾನಿಸ್ತಾನದ ಬಾಮಿಯಾನ್‌ಗೆ ಅದು ಸಿಕ್ಕಿತ್ತು. 2022-23ಕ್ಕೆ ಶಾಂಘೈ ಸಹಕಾರ ಸಂಘಟನೆ ವಾರಾಣಸಿಯನ್ನು ತನ್ನ ಪ್ರವಾಸೋದ್ಯಮ ಮತ್ತು ಸಾಂಸ್ಕೃತಿಕ ರಾಜಧಾನಿ ಎಂದು ಕರೆಯಿತು. ಇವನ್ನೆಲ್ಲ ಸರಕಾರಗಳು ಕೂತು ತೀರ್ಮಾನಿಸುತ್ತವೆ. ಗ್ರಂಥಾಲಯದ ರಶೀದಿಯಿಂದ ಇವು ಬರುವುದಿಲ್ಲ. ಶುಲ್ಕ ಕಟ್ಟಿದರೆ ಖಂಡಿತ ಸಿಗುತ್ತದೆ ಎಂದು ಯಾರಾದರೂ ಹೇಳಿದರೆ, ಅಲ್ಲಿ ಸ್ಪರ್ಧೆಯೇ ಇಲ್ಲ ಎಂದು ತಿಳಿಯಿರಿ.

ನಮ್ಮಂಥ ಊರಿಗೆ ನಿಜವಾಗಿ ತೆರೆದಿರುವ ಬಾಗಿಲು ಕೋಝಿಕ್ಕೋಡ್ ಹೊಕ್ಕ ಬಾಗಿಲೇ: 2004ರಲ್ಲಿ ಶುರುವಾದ ಯುನೆಸ್ಕೊ ಸೃಜನಶೀಲ ನಗರಗಳ ಜಾಲ. ಅದು ‘ರಾಜಧಾನಿ’ ಪಟ್ಟ ಅಲ್ಲ, ಒಂದು ವರ್ಷಕ್ಕೆ ಮುಗಿಯುವುದೂ ಅಲ್ಲ. ಸಾಹಿತ್ಯ, ಸಂಗೀತ, ಸಿನಿಮಾ, ಕರಕುಶಲ ಮತ್ತು ಜನಪದ ಕಲೆ, ವಿನ್ಯಾಸ, ಅಡುಗೆ, ಮಾಧ್ಯಮ ಕಲೆ ಎಂದು ಏಳು ಕ್ಷೇತ್ರ ಇದ್ದವು. ಈಗ ವಾಸ್ತುಶಿಲ್ಪವೂ ಸೇರಿದೆ. ನಮ್ಮ ದೇಶದಲ್ಲಿ ಜೈಪುರ, ವಾರಾಣಸಿ, ಚೆನ್ನೈ, ಮುಂಬಯಿ, ಹೈದರಾಬಾದ್, ಶ್ರೀನಗರ ಮೊದಲೇ ಒಳಗೆ ಹೋದವು. 2023ರ ಅಕ್ಟೋಬರ್ 31ರಂದು ಕೋಝಿಕ್ಕೋಡ್ ಸಾಹಿತ್ಯಕ್ಕೆ, ಗ್ವಾಲಿಯರ್ ಸಂಗೀತಕ್ಕೆ ಸೇರಿದವು. 2025ರಲ್ಲಿ ಲಖನೌ ಅಡುಗೆಗೆ ಸೇರಿತು.

ಹಣ ಬರುತ್ತದಾ ಎಂದು ಕೇಳಿದ್ದೀರಿ. ಇಲ್ಲ. ಈ ಜಾಲಕ್ಕೆ ಸೇರಿದ ನಗರಕ್ಕೆ ಯುನೆಸ್ಕೊ ಹಣ ಕೊಡುವುದಿಲ್ಲ. ಬರೆದುಕೊಟ್ಟ ಕೆಲಸವನ್ನು ನಗರವೇ ತನ್ನ ಖರ್ಚಿನಲ್ಲಿ ಮಾಡಬೇಕು, ನಾಲ್ಕು ವರ್ಷಕ್ಕೊಮ್ಮೆ ಏನು ಮಾಡಿದೆವು ಎಂದು ವರದಿ ಕೊಡಬೇಕು. ಯುರೋಪಿನ ಪಟ್ಟದಲ್ಲೂ ಗೆದ್ದ ನಗರಕ್ಕೆ ಯುರೋಪ್ ಒಕ್ಕೂಟದಿಂದ ಸಿಗುವ ಬಹುಮಾನ 15 ಲಕ್ಷ ಯೂರೊ. ಅದೂ ಷರತ್ತಿನ ಮೇಲೆ. ಉಳಿದ ಕೋಟಿಗಳನ್ನು ಅಲ್ಲಿನ ನಗರ, ಪ್ರಾಂತ್ಯ, ದೇಶವೇ ಹಾಕುತ್ತವೆ. ಪಟ್ಟದಿಂದ ಹಣ ಬರುತ್ತದೆ ಎನ್ನುವುದಕ್ಕಿಂತ, ಪಟ್ಟದ ಹೆಸರಿನಲ್ಲಿ ಸರಕಾರದ ಹತ್ತಿರ ಹಣ ಕೇಳಲು ಒಂದು ಕಾರಣ ಸಿಗುತ್ತದೆ ಎನ್ನುವುದು ನಿಜ.

ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ಇಲ್ಲೇ ಬಿಡಿಸಿಡುತ್ತೇನೆ, ಯಾಕೆಂದರೆ ಸಭೆಗಳಲ್ಲಿ ಇದು ಪದೇ ಪದೇ ಬರುತ್ತದೆ. ಯುನೆಸ್ಕೊದ ಅಮೂರ್ತ ಪರಂಪರೆಯ ಪಟ್ಟಿ ಬೇರೆ, ಈ ನಗರಗಳ ಜಾಲ ಬೇರೆ. ಕೇರಳದ ಕೂಡಿಯಾಟ್ಟಂ, ಮುಡಿಯೇಟ್ಟು ಆ ಪಟ್ಟಿಯಲ್ಲಿವೆ. ಯಕ್ಷಗಾನ ಅದರಲ್ಲಿ ಇಲ್ಲ. ಕರಡಿನಲ್ಲಿ ‘ಯುನೆಸ್ಕೊ ಮಾನ್ಯತೆಯ ಯಕ್ಷಗಾನ’ ಎಂದು ಬರೆದಿದ್ದರೆ ಅಳಿಸಲು ಹೇಳಿ. ಇಂಥ ಒಂದು ತಪ್ಪು ಸಿಕ್ಕಿದರೆ ಸಾಕು, ಓದುವವರು ಉಳಿದದ್ದನ್ನೂ ನಂಬುವುದಿಲ್ಲ.

ಸಣ್ಣ ಊರು ಎಂಬ ಚಿಂತೆ ಬಿಡಿ. ಪೋರ್ಚುಗಲ್‌ನ ಓಬಿದುಶ್ ಕೋಟೆಯೊಳಗಿನ ಒಂದು ಪುಟ್ಟ ಊರು. ಸುತ್ತಲಿನ ಹಳ್ಳಿಗಳೆಲ್ಲ ಸೇರಿದರೂ ಜನಸಂಖ್ಯೆ ಸುಮಾರು 12 ಸಾವಿರ. ಪೂಜೆ ನಿಂತುಹೋದ ಹಳೆಯ ಚರ್ಚೊಂದನ್ನು ಅವರು ಪುಸ್ತಕದ ಅಂಗಡಿ ಮಾಡಿದರು. 2015ರಲ್ಲಿ ಅದು ಸಾಹಿತ್ಯ ನಗರವಾಯಿತು. ಕಾಸರಗೋಡು ಪೇಟೆ ಅದಕ್ಕಿಂತ ಎಷ್ಟೋ ದೊಡ್ಡದು.

ನಮ್ಮ ತೊಡಕು ಇರುವುದು ಗಡಿಗೆರೆಗಳಲ್ಲಿ. ಯುನೆಸ್ಕೊ ಅರ್ಜಿಗೆ ಸಹಿ ಹಾಕುವವರು ನಗರದ ಮೇಯರ್, ಅಂದರೆ ನಮ್ಮಲ್ಲಿ ನಗರಸಭೆಯ ಅಧ್ಯಕ್ಷರು. ಕಾಸರಗೋಡು ನಗರಸಭೆ ಅರ್ಜಿ ಹಾಕಿದರೆ ಕಾಗದದ ಮೇಲೆ ಒಳಗೆ ಬರುವುದು ನಗರಸಭೆಯ ವಾರ್ಡುಗಳು. ತಳಂಗರೆ ಒಳಗೆ. ಆದರೆ ಗೋವಿಂದ ಪೈಗಳ ಮಂಜೇಶ್ವರ ಹೊರಗೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಹೊರಗೆ. ಕಯ್ಯಾರ ಕಿಞ್ಞಣ್ಣ ರೈಗಳ ಪೆರಡಾಲ ಹೊರಗೆ. ಮಾಪ್ಪಿಳ ಹಾಡುಗಳಿಂದಾಗಿ ಇಸಲ್ ಗ್ರಾಮ ಎಂದು ಹೆಸರಾದ ಮೊಗ್ರಾಲ್, ಎಡನೀರು ಮಠ, ಮಧೂರು, ಅನಂತಪುರ, ಬೇಕಲ ಎಲ್ಲ ಹೊರಗೆ. ಕನ್ನಡ ಮತ್ತು ತುಳು ಗಟ್ಟಿಯಾಗಿರುವ ಜಾಗ ಹೆಚ್ಚಿನದೂ ಪಂಚಾಯತುಗಳಲ್ಲೇ ಇದೆ. ಕರಡಿನಲ್ಲಿ ಕನ್ನಡ ಯಾಕೆ ಫೋಟೊದ ಅಡಿಗೆ ಹೋಯಿತು ಎಂಬುದಕ್ಕೆ ಇದೂ ಒಂದು ಕಾರಣ ಇರಬಹುದು. ಯಾರಿಗೂ ದ್ವೇಷ ಇರಬೇಕೆಂದಿಲ್ಲ. ನಕ್ಷೆಯೇ ಹಾಗೆ ಬಿದ್ದಿದೆ.

ಇದಕ್ಕೆ ದಾರಿ ಇದೆ. ಜರ್ಮನಿಯ ಎಸೆನ್ ನಗರ 2010ರ ಯುರೋಪಿನ ಪಟ್ಟ ಪಡೆದದ್ದು ಒಂಟಿಯಾಗಿ ಅಲ್ಲ, ರೂರ್ ಪ್ರದೇಶದ 53 ಊರುಗಳ ಪರವಾಗಿ. ಕಲ್ಲಿದ್ದಲು ಗಣಿ ಮುಚ್ಚಿದ ಊರುಗಳು ಅವು. ಸಹಿ ಒಂದು ಊರಿನದು, ಯೋಜನೆ ಎಲ್ಲರದು. ಕಾಸರಗೋಡಿನ ಅರ್ಜಿಯಲ್ಲೂ ಸುತ್ತಲಿನ ಪಂಚಾಯತುಗಳನ್ನು ಪಾಲುದಾರರಾಗಿ ಬರೆಯಬಹುದು. ಆದರೆ ಅದಕ್ಕೆ ಪ್ರತಿ ಪಂಚಾಯತಿನ ನಿರ್ಣಯ ಬೇಕು. ಅದು ಮಾತಿನ ಕೆಲಸ, ಓಡಾಟದ ಕೆಲಸ. ಒಂದು ವರ್ಷದಲ್ಲಿ ಮುಗಿಯುವುದಿಲ್ಲ.

ಈಗ ಮಂಗಳೂರಿನ ಮಾತು. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ಇಟಲಿ ಮತ್ತು ಸ್ಲೊವೇನಿಯಾದ ಗಡಿಯಲ್ಲಿ ಗೊರಿಜಿಯಾ ಎಂಬ ಹಳೆಯ ಊರಿದೆ. ಎರಡನೇ ಮಹಾಯುದ್ಧದ ನಂತರ 1947ರಲ್ಲಿ ಹೊಸ ಗಡಿ ಎಳೆದಾಗ ಊರು ಇಟಲಿಗೆ ಹೋಯಿತು. ಅದರ ಒಂದು ರೈಲು ನಿಲ್ದಾಣ ಆಗಿನ ಯುಗೊಸ್ಲಾವಿಯಾಕ್ಕೆ ಹೋಯಿತು. ನಿಲ್ದಾಣದ ಎದುರಿನ ಚೌಕದ ನಡುವೆಯೇ ಬೇಲಿ ಬಂತು. ಹೊಲ ಒಂದು ಕಡೆ, ಮನೆ ಇನ್ನೊಂದು ಕಡೆ. ಪೇಟೆ ಕೈತಪ್ಪಿ ಹೋದವರಿಗಾಗಿ ಆ ಕಡೆಯವರು ನೋವಾ ಗೊರಿತ್ಸಾ, ಅಂದರೆ ಹೊಸ ಗೊರಿಜಿಯಾ, ಎಂಬ ಊರನ್ನೇ ಕಟ್ಟಿದರು. 2004ರಲ್ಲಿ ಸ್ಲೊವೇನಿಯಾ ಯುರೋಪ್ ಒಕ್ಕೂಟ ಸೇರಿದಾಗ ಚೌಕದ ಬೇಲಿ ತೆಗೆದರು. 2020ರ ಮಾರ್ಚ್‌ನಲ್ಲಿ ಕೊರೊನಾ ಬಂದಾಗ ಅದೇ ಜಾಗದಲ್ಲಿ ಮತ್ತೆ ಬೇಲಿ ಎದ್ದಿತು. ಜನ ಬೇಲಿಯ ಎರಡೂ ಬದಿ ನಿಂತು ಮಾತಾಡುತ್ತಿದ್ದರು. ಅದೇ ಮಾರ್ಚ್‌ನಲ್ಲಿ ಕೇರಳ-ಕರ್ನಾಟಕ ಗಡಿಯ ತಲಪಾಡಿಯಲ್ಲಿ ಏನಾಯಿತು ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಮಂಗಳೂರಿನ ಆಸ್ಪತ್ರೆಯನ್ನೇ ನಂಬಿದ್ದ ನಮ್ಮವರು ಗಡಿಯಲ್ಲಿ ನಿಂತಿದ್ದರು.

ಆ ವರ್ಷದ ಡಿಸೆಂಬರಿನಲ್ಲೇ ಆ ಎರಡು ಊರುಗಳಿಗೆ 2025ರ ಪಟ್ಟ ಎಂದು ತೀರ್ಪು ಬಂತು. ಅದು ಹೇಗಾಯಿತು ನೋಡಿ. 2025 ಸ್ಲೊವೇನಿಯಾದ ಸರದಿ. ಹಾಗಾಗಿ ಅರ್ಜಿ ಹೋದದ್ದು ನೋವಾ ಗೊರಿತ್ಸಾದ ಹೆಸರಿನಲ್ಲಿ. ಗೊರಿಜಿಯಾ ಜೊತೆಗಾರ. ಗಡಿ ಅಳಿಸಿ ಎಂದು ಯಾರೂ ಕೇಳಲಿಲ್ಲ, ಗಡಿ ಒಂದಿಂಚೂ ಸರಿಯಲಿಲ್ಲ. ಅವರು ಮಾಡಿದ್ದು, 2011ರಲ್ಲೇ ಎರಡೂ ಕಡೆಯ ಪೌರಾಡಳಿತಗಳು ಸೇರಿ ಒಂದು ಜಂಟಿ ಸಂಸ್ಥೆ ಕಟ್ಟಿಕೊಂಡದ್ದು. ಅಂದರೆ ತೀರ್ಪು ಬರುವ ಒಂಬತ್ತು ವರ್ಷ ಮೊದಲು.

ನಮಗೂ ಇದೇ ಮಾದರಿ ಹೊಂದುತ್ತದೆ. ಎರಡು ನಗರಗಳು ಒಂದೇ ಅರ್ಜಿ ಹಾಕುವ ಕ್ರಮ ಯುನೆಸ್ಕೊ ಜಾಲದಲ್ಲಿ ಇಲ್ಲ. ಆದರೆ ಕಾಸರಗೋಡು ಅರ್ಜಿ ಹಾಕಿ, ಮಂಗಳೂರಿನ ಕಾಲೇಜು, ಪ್ರಕಾಶಕರು, ಮೇಳಗಳನ್ನು ಕಾರ್ಯಕ್ರಮದಲ್ಲಿ ಪಾಲುದಾರರಾಗಿ ಬರೆಯಲು ಯಾವ ಅಡ್ಡಿಯೂ ಇಲ್ಲ. ಅಪಾಯ ಒಂದಿದೆ. ಮಂಗಳೂರು ಎಂದ ಕೂಡಲೇ ಕೆಲವರಿಗೆ ಕಾಸರಗೋಡು ಕೇರಳಕ್ಕೆ ಸೇರಿದ 1956 ನೆನಪಾಗುತ್ತದೆ, ಅದು ಕರ್ನಾಟಕಕ್ಕೆ ಸೇರಬೇಕೆಂದ ಮಹಾಜನ ವರದಿ ನೆನಪಾಗುತ್ತದೆ, ಇದು ಹಿಂಬಾಗಿಲಿನ ವಿಲೀನ ಚಳವಳಿಯಾ ಎಂದು ಕೇಳುತ್ತಾರೆ. ಆ ಪ್ರಶ್ನೆಗೆ ಬೇಜಾರಾಗದೆ, ಮೊದಲ ಸಭೆಯಲ್ಲೇ ನೇರ ಉತ್ತರ ಕೊಡಿ. ಅರ್ಜಿ ಕೇರಳದ ನಗರದ್ದು, ಪಟ್ಟ ಕೇರಳದ ನಗರಕ್ಕೆ. ಸಂಬಂಧಗಳು ಮಾತ್ರ ತಲಪಾಡಿಯಲ್ಲಿ ನಿಲ್ಲುವುದಿಲ್ಲ. ಇದನ್ನು ಮಲಯಾಳದಲ್ಲಿ, ಮಲಯಾಳಿ ಗೆಳೆಯರ ಬಾಯಿಂದಲೇ ಹೇಳಿಸಿದರೆ ಇನ್ನೂ ಒಳ್ಳೆಯದು.

ಇನ್ನು ನಿಮ್ಮ ಭಯ, ಅಡಿಬರಹದ್ದು.

ಇಂಥ ಅರ್ಜಿಗಳಲ್ಲಿ ಸಣ್ಣ ಭಾಷೆಗಳು ಹೇಗೆ ಅಲಂಕಾರವಾಗುತ್ತವೆ ಎಂದು ನಾನು ಕಣ್ಣಾರೆ ನೋಡಿದ್ದೇನೆ. ಬರೆಯುವ ತಂಡಕ್ಕೆ ಸಮಯ ಕಡಿಮೆ. ಕೈಗೆ ಸಿಗುವುದು ಪ್ರವಾಸೋದ್ಯಮದ ಕರಪತ್ರ. ಅದರಲ್ಲಿ ‘ಸಪ್ತಭಾಷಾ ಸಂಗಮ ಭೂಮಿ’ ಎಂಬ ಸಾಲು ಇರುತ್ತದೆ. ಅದನ್ನು ಎತ್ತಿ ಮೊದಲ ಪುಟಕ್ಕೆ ಹಾಕುತ್ತಾರೆ. ಎರಡನೇ ಪುಟದಿಂದ ಕೆಲಸ, ಖರ್ಚು, ಜವಾಬ್ದಾರಿ ಎಲ್ಲ ಒಂದೇ ಭಾಷೆಯ ಸಂಸ್ಥೆಗಳಿಗೆ. ಹಿಂದೊಮ್ಮೆ ಬೇರೆ ಕಡೆಯ ಒಂದು ಊರಿನ ತಂಡದಲ್ಲಿ ನಾನಿದ್ದಾಗ ಹೀಗೇ ಆಯಿತು. ಒಂದು ಸಮುದಾಯದ ಹಾಡುಗಾರ್ತಿಯರ ಚಿತ್ರ ಮುಖಪುಟದಲ್ಲಿತ್ತು. ಅವರನ್ನು ಯಾರೂ ಒಂದು ಮಾತು ಕೇಳಿರಲಿಲ್ಲ. ಬಸ್ ಸ್ಟ್ಯಾಂಡಿನ ಬ್ಯಾನರಿನಲ್ಲಿ ತಮ್ಮ ಮುಖ ನೋಡಿ ಅವರಲ್ಲೊಬ್ಬರು ಕಚೇರಿಗೆ ಬಂದು, ‘ನಮ್ಮ ಹಾಡು ನಿಮಗೆ ಬೇಕಾ, ಫೋಟೊ ಮಾತ್ರ ಸಾಕಾ?’ ಎಂದು ಕೇಳಿದರು. ಅವತ್ತಿನಿಂದ ನಾನು ಯಾವ ಅರ್ಜಿಯನ್ನೂ ಹಿಂದಿನಿಂದ ಓದಲು ಶುರು ಮಾಡಿದೆ. ಕೊನೆಯ ಪುಟಗಳಲ್ಲಿ ಲೆಕ್ಕ ಇರುತ್ತದೆ. ಯಾರ ಹೆಸರಿನ ಎದುರು ರೂಪಾಯಿ ಇದೆಯೋ ಅವರು ಯೋಜನೆಯಲ್ಲಿದ್ದಾರೆ. ಉಳಿದವರು ಚಿತ್ರದಲ್ಲಿದ್ದಾರೆ ಅಷ್ಟೆ.

ಅರ್ಜಿ ಇಂಗ್ಲಿಷಿನಲ್ಲಿ ಇತ್ತು ಎಂಬುದಕ್ಕೆ ಬೇಸರ ಬೇಡ. ಯುನೆಸ್ಕೊಗೆ ಹೋಗುವುದು ಇಂಗ್ಲಿಷ್ ಅಥವಾ ಫ್ರೆಂಚಿನಲ್ಲೇ. ನೀವು ಕೇಳಬೇಕಾದ್ದು ಕರಡಿನ ಚರ್ಚೆ ಯಾವ ಭಾಷೆಗಳಲ್ಲಿ ನಡೆಯಿತು ಎಂದು. ಕನ್ನಡದಲ್ಲಿ ಒಂದು ಪ್ರತಿ, ತುಳು ಮತ್ತು ಬ್ಯಾರಿ ಮಾತಾಡುವವರಿಗೆ ಕೂತು ಓದಿ ಹೇಳುವ ಒಂದು ದಿನ. ಇಷ್ಟನ್ನು ಕೇಳುವುದು ಜಾಸ್ತಿ ಆಗಲಿಲ್ಲ.

ನನ್ನ ಕೈಗೆ ಕರಡು ಕೊಟ್ಟರೆ ಸಾಹಿತ್ಯ ಕ್ಷೇತ್ರವನ್ನೇ ಆರಿಸುತ್ತೇನೆ, ನಡುವೆ ಅನುವಾದವನ್ನು ಇಡುತ್ತೇನೆ. ಕೋಝಿಕ್ಕೋಡ್ ಈಗಾಗಲೇ ಸಾಹಿತ್ಯ ನಗರ ಆಯಿತಲ್ಲ ಎನ್ನಬೇಡಿ. ವಾರಾಣಸಿ, ಚೆನ್ನೈ, ಗ್ವಾಲಿಯರ್ ಮೂರೂ ಸಂಗೀತದ ನಗರಗಳೇ. ಕೋಝಿಕ್ಕೋಡ್ ತನ್ನ 500ಕ್ಕೂ ಹೆಚ್ಚು ಗ್ರಂಥಾಲಯ, 70ಕ್ಕೂ ಹೆಚ್ಚು ಪ್ರಕಾಶನ ಸಂಸ್ಥೆಗಳನ್ನು ಮುಂದಿಟ್ಟಿತು. ಆ ಲೆಕ್ಕದಲ್ಲಿ ನಾವು ಪೈಪೋಟಿ ಮಾಡಲಾರೆವು. ಆದರೆ ಒಂದೇ ಬಸ್ಸಿನಲ್ಲಿ ಕಂಡಕ್ಟರ್ ಹತ್ತಿರ ಮಲಯಾಳ, ಪಕ್ಕದವರ ಹತ್ತಿರ ತುಳು, ಫೋನಿನಲ್ಲಿ ಹವ್ಯಕ ಕನ್ನಡ ಮಾತಾಡಿ ಇಳಿಯುವ ಜನ ನಮ್ಮವರು. ಹಲವು ಭಾಷೆ ಕಲಿತು ಕನ್ನಡದಲ್ಲಿ ಬರೆದ ಗೋವಿಂದ ಪೈಗಳು ಇಲ್ಲಿನವರು. ಮಲಬಾರಿನ ಮುಸ್ಲಿಮರ ಹಾಡುಗಳಾದ ಮಾಪ್ಪಿಳ ಪಾಟ್ಟಿಗೆ ಮಲಯಾಳ ಸಾಹಿತ್ಯದಲ್ಲಿ ಜಾಗ ಕೊಡಿಸಲು ದುಡಿದ ಟಿ. ಉಬೈದ್ ತಳಂಗರೆಯವರು. ಇವರ ಒಂದೊಂದು ಕವಿತೆಯಾದರೂ ಇನ್ನೊಬ್ಬರ ಓದುಗರಿಗೆ ತಲುಪಬೇಡವಾ? ತುಳುವಿನ ಪಾಡ್ದನ ಮಲಯಾಳದ ತೋಟ್ಟಂ ಪಾಟ್ಟಿನ ಪಕ್ಕ ಕೂರಬೇಡವಾ? ಕನ್ನಡ, ಮಲಯಾಳ, ತುಳು, ಬ್ಯಾರಿ, ಕೊಂಕಣಿ, ಮರಾಠಿ, ಉರ್ದು ನಡುವೆ ಅನುವಾದ ಮಾಡುವವರಿಗೆ ಸಂಬಳ ಕೊಡುವ ಒಂದು ಮನೆ. ಅಂಥ ಅರ್ಜಿಯಲ್ಲಿ ಕನ್ನಡ ಕೆಳಗೆ ಹೋಗಲು ಸಾಧ್ಯವೇ ಇಲ್ಲ. ಕನ್ನಡ ತೆಗೆದರೆ ಯೋಜನೆಯೇ ಉಳಿಯುವುದಿಲ್ಲ.

ಜನಪದ ಕಲೆಯ ಕ್ಷೇತ್ರ ಯಾಕೆ ಬೇಡ ಎಂದು ಕೇಳಬಹುದು. ಅಲ್ಲಿ ನನಗೆ ಅಳುಕು ಇದೆ. ತೆಯ್ಯಂ, ಭೂತಕೋಲ ಎರಡೂ ನಮ್ಮಲ್ಲಿ ಅಕ್ಕಪಕ್ಕ ಬದುಕಿವೆ. ಅವು ತರವಾಡಿನ, ದೈವಸ್ಥಾನದ ವಿಷಯ. ಹರಕೆ, ಶುದ್ಧ, ಸಮಯ ಎಲ್ಲ ಇದೆ. ಪಟ್ಟ ಬಂದ ಮೇಲೆ ‘ಅತಿಥಿಗಳು ಬಂದಿದ್ದಾರೆ, ಅರ್ಧ ಗಂಟೆ ಒಂದು ಕೋಲ’ ಎಂಬ ಒತ್ತಾಯ ಬಂದೇ ಬರುತ್ತದೆ. ಆ ಒತ್ತಾಯ ಬೀಳುವುದು ಕೋಲ ಕಟ್ಟುವ ನಲಿಕೆ, ಪಂಬದ, ಪರವ, ಮಲಯ, ವಣ್ಣಾನ್ ಕುಟುಂಬಗಳ ಮೇಲೆ. ಬೇಡ ಎನ್ನುವ ಶಕ್ತಿ ಕಡಿಮೆ ಇರುವವರ ಮೇಲೆ. ಮೇ ಕೊನೆಯ ಪತ್ತನಾಜೆ ಆದ ಮೇಲೆ ನೇಮ ಇಲ್ಲ, ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಜೂನ್‌ನಲ್ಲಿ ಪ್ರತಿನಿಧಿಗಳು ಬಂದರೆ ಏನು ತೋರಿಸುತ್ತೀರಿ? ತೋರಿಸುವುದಿಲ್ಲ ಎಂದು ಮೊದಲೇ ಬರೆದಿಡುವ ಧೈರ್ಯ ಕರಡಿಗೆ ಇರಬೇಕು. ಮಳೆಗಾಲಕ್ಕೆ ತಾಳಮದ್ದಳೆ ಇದೆ, ಪುಸ್ತಕ ಇದೆ, ಅನುವಾದದ ಕಮ್ಮಟ ಇದೆ.

ಮನೆಬಾಡಿಗೆಯ ಮಾತನ್ನೂ ಸೇರಿಸಿ. ಇಟಲಿಯ ಮಾತೇರಾ 2019ರಲ್ಲಿ ಪಟ್ಟ ಪಡೆದ ಸಣ್ಣ ಊರು. ಒಂದು ಕಾಲಕ್ಕೆ ಬಡತನಕ್ಕೆ ದೇಶದ ಅವಮಾನ ಎನಿಸಿಕೊಂಡ ಗುಹೆಮನೆಗಳಿಗೆ ಪ್ರವಾಸಿಗಳು ಸಾಲುಗಟ್ಟಿ ಬಂದರು. ಊರಿನ ಮರ್ಯಾದೆ ಏರಿತು, ನಿಜ. ಹಳೆಯ ಕೇರಿಯ ಎಷ್ಟೋ ಮನೆಗಳು ಪ್ರವಾಸಿಗಳ ಬಾಡಿಗೆ ಕೋಣೆ ಆದವು, ಅದೂ ನಿಜ. ಬೇಕಲದ ಸುತ್ತ ಜಾಗದ ರೇಟು ನೋಡಿದವರಿಗೆ ಇದು ಅರ್ಥವಾಗುತ್ತದೆ.

ಹಾಗಾದರೆ ಏನು ಮಾಡಬಹುದು? ಒಂದು, ನಗರಸಭೆಯ ಮೂಲಕ ಯುನೆಸ್ಕೊ ದಾರಿ. ಎರಡು ವರ್ಷಕ್ಕೊಮ್ಮೆ ಅರ್ಜಿ ಕರೆಯುತ್ತಾರೆ. ಶುಲ್ಕ ಇಲ್ಲ. ಆದರೆ ಒಂದು ಸುತ್ತಿಗೆ ಇಡೀ ದೇಶದಿಂದ ಎರಡೇ ನಗರ, ಅದೂ ಬೇರೆ ಬೇರೆ ಕ್ಷೇತ್ರದಿಂದ. ದೆಹಲಿಯ ಒಪ್ಪಿಗೆ ಬೇಕು, ಕ್ಷೇತ್ರದ ರಾಷ್ಟ್ರಮಟ್ಟದ ವೃತ್ತಿ ಸಂಘಗಳ ಪತ್ರ ಬೇಕು. ಹೆಚ್ಚಿನ ಅರ್ಜಿಗಳು ಪ್ಯಾರಿಸ್ ತನಕ ಹೋಗುವುದೇ ಇಲ್ಲ. ನಾಲ್ಕೈದು ವರ್ಷದ ತಯಾರಿ ಇಲ್ಲದೆ ಹೊರಡಬೇಡಿ. ಇನ್ನೊಂದು, ಕೋಝಿಕ್ಕೋಡಿನ ಜೊತೆಗೇ ಕೆಲಸ ಮಾಡುವುದು. ಅದೇ ರಾಜ್ಯದ ಸಾಹಿತ್ಯ ನಗರ, ಕನ್ನಡ ಮತ್ತು ತುಳುವಿಗೆ ನಿಮ್ಮ ಕಾರ್ಯಕ್ರಮದಲ್ಲಿ ಒಂದು ಭಾಗ ಕೊಡಿ ಎಂದು ಕೇಳಬಹುದು. ಹೆಸರು ಅವರದ್ದಾಗುತ್ತದೆ. ಆದರೆ ಬೇಗ ಶುರು ಮಾಡಬಹುದು, ಕಲಿಯಬಹುದು. ನಾನಾದರೆ ಇದನ್ನು ನಾಳೆಯೇ ಕೇಳುತ್ತೇನೆ.

ಯಾರ ಅಪ್ಪಣೆಯೂ ಬೇಡದ ದಾರಿಯೂ ಇದೆ. ಬ್ರಿಟನ್ನಿನ ಲೀಡ್ಸ್ 2023ರ ಯುರೋಪಿನ ಪಟ್ಟಕ್ಕೆ ಅರ್ಜಿ ಬರೆದು ಮುಗಿಸಿತ್ತು. ಬ್ರಿಟನ್ ಒಕ್ಕೂಟ ಬಿಡುತ್ತಿದೆ ಎಂದು 2017ರ ನವೆಂಬರಿನಲ್ಲಿ ಅದನ್ನೂ ಉಳಿದ ಬ್ರಿಟಿಷ್ ನಗರಗಳನ್ನೂ ಹೊರಗಿಟ್ಟರು. ಲೀಡ್ಸ್ ಕೈಚೆಲ್ಲಲಿಲ್ಲ. 2023ರಲ್ಲಿ ತನ್ನದೇ ಸಂಸ್ಕೃತಿ ವರ್ಷ ನಡೆಸಿತು. ಇಟಲಿಯಲ್ಲಿ ಮಾತೇರಾದ ಎದುರು ಸೋತ ಐದು ನಗರಗಳಿಗಾಗಿ ಸರಕಾರ ದೇಶದೊಳಗಿನ ಪಟ್ಟವನ್ನೇ ಹುಟ್ಟುಹಾಕಿ, 2015ರಲ್ಲಿ ಐದಕ್ಕೂ ಹಂಚಿತು. ಕೆಲಸ ಗಟ್ಟಿಯಿದ್ದರೆ ಸೋತ ಅರ್ಜಿಯೂ ವ್ಯರ್ಥ ಅಲ್ಲ. ಇಲ್ಲೂ ಎಚ್ಚರ ಬೇಕು. ಕವೆಂಟ್ರಿ 2021ರ ಬ್ರಿಟನ್ ಸಂಸ್ಕೃತಿ ನಗರ ಆಗಿತ್ತು. ವರ್ಷದ ಕಾರ್ಯಕ್ರಮ ನಡೆಸಿದ ಟ್ರಸ್ಟ್ 2023ರಲ್ಲಿ ಸಾಲದಿಂದ ಕುಸಿದು ಬಿತ್ತು. ಹಬ್ಬಕ್ಕೆ ಮೊದಲು ಲೆಕ್ಕಪತ್ರಕ್ಕೆ ಒಬ್ಬರನ್ನು ಗೊತ್ತು ಮಾಡಿಕೊಳ್ಳಿ.

ಯಾವ ದಾರಿ ಹಿಡಿದರೂ ಮೊದಲ ಕೆಲಸ ಒಂದೇ, ಅದು ನಿಮ್ಮ ಗ್ರಂಥಾಲಯದಲ್ಲೇ ಶುರು ಮಾಡಬಹುದಾದ್ದು. ಒಂದು ದಪ್ಪ ಪುಸ್ತಕ ತೆಗೆದುಕೊಳ್ಳಿ. ನಿಮ್ಮ ಪಂಚಾಯತಿನಲ್ಲಿ ಯಾರು ಬರೆಯುತ್ತಾರೆ, ಯಾರು ಹಾಡುತ್ತಾರೆ, ಯಾರಿಗೆ ಪಾಡ್ದನ ಬಾಯಿಪಾಠ, ಯಾರ ಮನೆಯಲ್ಲಿ ಹಳೆಯ ತಾಳೆಗರಿ ಇದೆ, ಯಾರು ಎರಡು ಭಾಷೆಯಲ್ಲಿ ಓದಿ ಬರೆಯಬಲ್ಲರು ಎಂದು ಮನೆ ಮನೆ ಕೇಳಿ ಬರೆಯಿರಿ. ಮಕ್ಕಳನ್ನು ಜೊತೆಗೆ ಕರೆದುಕೊಂಡು ಹೋಗಿ. ಪ್ರತಿ ಹೆಸರಿನ ಪಕ್ಕ ಒಂದು ಕಾಲಂ ಬಿಡಿ: ತಮ್ಮ ಹೆಸರು ಅರ್ಜಿಯಲ್ಲಿ ಬರುವುದು ಅವರಿಗೆ ಒಪ್ಪಿಗೆಯಾ? ಇಲ್ಲ ಎಂದರೆ ಇಲ್ಲ ಎಂದೇ ಬರೆಯಿರಿ.

ಮುಂದಿನ ಸಭೆಗೆ ರಶೀದಿ ಪುಸ್ತಕದ ಜೊತೆ ಈ ಪುಸ್ತಕವನ್ನೂ ಹಿಡಿದುಕೊಂಡು ಹೋಗಿ. ಒಂದನ್ನು ವಾಪಸ್ ಕೊಡಿ, ಇನ್ನೊಂದನ್ನು ಮೇಜಿನ ಮೇಲೆ ತೆರೆದಿಡಿ. ಆಗ ನೀವು ಊರಿಗೆ ಅಡ್ಡ ಬಂದವರು ಎಂದು ಯಾರೂ ಹೇಳುವುದಿಲ್ಲ. ಕರಡಿನ ಕನ್ನಡ ಪ್ರತಿ ಸಿಕ್ಕಿದರೆ ನನಗೂ ಕಳಿಸಿ, ಕೊನೆಯ ಪುಟದಿಂದ ಓದಿ ಹೇಳುತ್ತೇನೆ.